ಲಕ್ಷ ಸಾಲು, ಇಪ್ಪತ್ತು ಸಾಲಿನ ಪರದೆ

ವೆಬ್ ಹುಟ್ಟಿದಾಗ ಅದರಲ್ಲಿ ಕೋಷ್ಟಕವೇ ಇರಲಿಲ್ಲ. ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ಹಂಚಿಕೊಂಡ ಎಚ್‌ಟಿಎಂಎಲ್ ಟ್ಯಾಗುಗಳ ಯಾದಿಯಲ್ಲಿ ತಲೆಬರಹಕ್ಕೆ ಜಾಗವಿತ್ತು, ಪ್ಯಾರಾಕ್ಕೆ, ಪಟ್ಟಿಗೆ, ಕೊಂಡಿಗೆ ಜಾಗವಿತ್ತು. ಸಾಲು-ಕಾಲಂಗಳ ಟೇಬಲ್‌ಗೆ ಇರಲಿಲ್ಲ. ಸರ್ನ್‌ನ ನೌಕರರನ್ನು ಈ ಹೊಸ ವ್ಯವಸ್ಥೆಯ ಕಡೆಗೆ ಮೊದಮೊದಲು ಎಳೆದು ತಂದದ್ದು ಮಾತ್ರ ಅಲ್ಲಿನ ದೂರವಾಣಿ ಪುಸ್ತಕ. ಹೆಸರು ಒಂದು ಕಡೆ, ಅದರೆದುರು ನಂಬರು, ಅಪ್ಪಟ ಕೋಷ್ಟಕ. ಅದನ್ನು ಖಾಲಿ ಜಾಗ ತುಂಬಿ, ಅಕ್ಷರದ ಕೆಳಗೆ ಅಕ್ಷರ ಕೂರಿಸಿ ತೋರಿಸಬೇಕಾಗಿತ್ತು.

ಇವತ್ತು ಬ್ಯಾಂಕಿನ ವಹಿವಾಟು, ಮತ ಎಣಿಕೆ, ರೈಲಿನ ವೇಳೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಬ್ರೌಸರಿನ ಕೋಷ್ಟಕದಲ್ಲಿ ಬಂದು ಕೂತಿವೆ. ಕಾಲಂನ ತಲೆಯ ಮೇಲೆ ಒತ್ತಿದರೆ ಸಾಲುಗಳು ಹಿರಿದರಿಂದ ಕಿರಿದಕ್ಕೆ ಮರುಜೋಡಣೆಯಾಗುತ್ತವೆ. ಮೇಲಿನ ಪೆಟ್ಟಿಗೆಯಲ್ಲಿ ಎರಡಕ್ಷರ ಟೈಪಿಸಿದರೆ ಬೇಡದ್ದು ಮರೆಯಾಗುತ್ತದೆ. ಬೆರಳು ಸರಿಸಿದಂತೆ ಲಕ್ಷ ಸಾಲು ಹರಿದುಹೋಗುತ್ತವೆ. ಈ ಸಲೀಸನ್ನು ಯಾರೋ ಒಬ್ಬರು ಒಂದು ದಿನ ಕಂಡುಹಿಡಿಯಲಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ತುರ್ತುಗಳಿಗಾಗಿ, ತುಂಡುತುಂಡಾಗಿ ಅದು ಕೈಗೂಡಿತು. ಆದರೆ ಅದರ ಬೇರಿನಲ್ಲಿರುವ ತಿಳಿವಳಿಕೆ ಒಂದೇ, ಮತ್ತು ಅದು ವೆಬ್‌ಗಿಂತ ಹಳೆಯದು. ವೆಬ್ ಅದನ್ನು ಮರೆತು ಹುಟ್ಟಿತು; ಬಹಳ ದೂರ ಸುತ್ತಿ ಬಂದು ಮತ್ತೆ ಕಂಡುಕೊಂಡಿತು.

ಆ ತಿಳಿವಳಿಕೆ ಎಲ್ಲಿ ಮೊಳೆಯಿತು ಎಂದು ನೋಡಲು 1978ಕ್ಕೆ ಹೋಗಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಅದಕ್ಕೂ ಮೊದಲು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ವರ್ಡ್ ಪ್ರೊಸೆಸರ್ ಮೇಲೆ ಕೆಲಸ ಮಾಡಿದ್ದವರು. ಪದವನ್ನು ತಿದ್ದಿದರೆ ಸಾಲು ತಾನೇ ಸರಿಹೋಗುವುದನ್ನು ಕಂಡಿದ್ದ ಅವರಿಗೆ, ತರಗತಿಯ ಲೆಕ್ಕಗಳಲ್ಲಿ ಒಂದು ಅಂಕಿ ಬದಲಾದರೆ ಇಡೀ ಹಾಳೆಯನ್ನು ಅಳಿಸಿ ಬರೆಯಬೇಕಾಗುತ್ತಿದ್ದದ್ದು ಸಹಿಸಲಾಗಲಿಲ್ಲ. ಯುದ್ಧವಿಮಾನದ ಚಾಲಕನ ಕಣ್ಣೆದುರು ಅಂಕಿಗಳು ಗಾಳಿಯಲ್ಲಿ ತೇಲುವಂತೆ ತನ್ನ ಮುಂದೆಯೂ ಅಂಕಿಗಳು ತೇಲಬೇಕು, ಕ್ಯಾಲ್ಕುಲೇಟರಿನ ಹೊಟ್ಟೆಯಡಿ ಮೌಸಿನಂತೆ ಒಂದು ಉಂಡೆಯಿದ್ದು, ಅದನ್ನು ಉರುಳಿಸಿ ಯಾವ ಅಂಕಿಯನ್ನು ಬೇಕಾದರೂ ಮುಟ್ಟಿ ತಿದ್ದಬೇಕು ಎಂಬ ಹಗಲುಗನಸು ಅವರದು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಎರವಲು ತಂದ ಒಂದು ಆಪಲ್ 2 ಕಂಪ್ಯೂಟರಿನ ಮೇಲೆ ವಾರಾಂತ್ಯವೊಂದರಲ್ಲಿ ಬೇಸಿಕ್ ಭಾಷೆಯಲ್ಲಿ ಮಾದರಿ ಬರೆದರು. ಉಂಡೆಯ ಬದಲಿಗೆ ವಿಡಿಯೋ ಗೇಮಿನ ಪ್ಯಾಡಲ್ ಬಳಸಿ ನೋಡಿದರು. ಅದು ತೀರ ಮಂದವಾಗಿತ್ತೆಂದು ಬಾಣದ ಕೀಲಿಗಳಿಗೆ ಬಂದರು.

ಆ ಮೊದಲ ಮಾದರಿಯಲ್ಲಿ ಇದ್ದದ್ದು 5 ಕಾಲಂ, 20 ಸಾಲು. ಪರದೆಯಲ್ಲಿ ಹಿಡಿದಷ್ಟೇ ಕೋಷ್ಟಕ. ಎಂಐಟಿಯ ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ, ರಾತ್ರಿ ಹೊತ್ತು ಕಡಿಮೆ ದರಕ್ಕೆ ಸಿಗುತ್ತಿದ್ದ ದೊಡ್ಡ ಕಂಪ್ಯೂಟರಿನ ಸಮಯ ಬಳಸಿ ಮ್ಯಾಸಚೂಸೆಟ್ಸ್‌ನ ಆರ್ಲಿಂಗ್ಟನ್‌ನ ಮನೆಯ ಅಟ್ಟದಲ್ಲಿ ಅದನ್ನು ಹೊಸದಾಗಿ ಬರೆದಾಗ ಆದ ಬದಲಾವಣೆಯೇ ಈ ಕತೆಯ ಜೀವ. ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ 1979ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಅದರಲ್ಲಿ 63 ಕಾಲಂ, 254 ಸಾಲು. ಒಟ್ಟು 16,002 ಕೋಶ. ಆಪಲ್ 2ರ ಪರದೆಯಲ್ಲಿ ಅಡ್ಡಕ್ಕೆ 40 ಅಕ್ಷರ, ಉದ್ದಕ್ಕೆ 24 ಸಾಲು ಮಾತ್ರ. ಒಮ್ಮೆಗೆ ಕಾಣುತ್ತಿದ್ದದ್ದು ನಾಲ್ಕು ಕಾಲಂ, ಇಪ್ಪತ್ತರ ಆಸುಪಾಸಿನ ಸಾಲು. ಹಾಳೆ ಪರದೆಯಿಂದ ಬಿಡುಗಡೆ ಪಡೆದಿತ್ತು. ಪರದೆ ಒಂದು ಕಿಟಕಿ. ಕಿಟಕಿಯನ್ನು ಸರಿಸಿದರೆ ಹಾಳೆಯ ಇನ್ನೊಂದು ಭಾಗ ಕಾಣುತ್ತದೆ, ಹಾಳೆ ಇದ್ದಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಮೇಲಿನ ತಲೆಸಾಲನ್ನು ಅಲುಗದಂತೆ ಕಟ್ಟಿಹಾಕುವ ಆಜ್ಞೆ ಅದರಲ್ಲಿತ್ತು. ಪರದೆಯನ್ನು ಎರಡಾಗಿ ಸೀಳಿ, ಎರಡು ಭಾಗಗಳನ್ನೂ ಒಟ್ಟಿಗೆ ಓಡಿಸುವ ಆಜ್ಞೆಯೂ ಇತ್ತು. ಈ ತಲೆಸಾಲಿನ ಸಂಗತಿಯನ್ನು ನೆನಪಿಡಿ. ವೆಬ್‌ಗೆ ಅದು ಸುಲಭವಾಗಿ ಸಿಗಲು 2017 ಬರಬೇಕಾಯಿತು.

ವೆಬ್‌ಗೆ ಟೇಬಲ್ ತಂದ ಕೆಲಸದಲ್ಲಿ ದೊಡ್ಡ ಪಾಲು ಡೇವ್ ರ‍್ಯಾಗೆಟ್ ಅವರದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಚ್‌ಪಿ ಪ್ರಯೋಗಾಲಯದಲ್ಲಿದ್ದ ಅವರು 1993ರಲ್ಲಿ ಎಚ್‌ಟಿಎಂಎಲ್ ಪ್ಲಸ್ ಎಂಬ ಕರಡಿನಲ್ಲಿ ಕೋಷ್ಟಕವನ್ನು ಸೇರಿಸಿದರು. 1995ರಲ್ಲಿ ನೆಟ್‌ಸ್ಕೇಪ್ 1.1 ಅದನ್ನು ಜನರ ಕೈಗಿತ್ತಿತು, 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1942 ಎಂಬ ದಾಖಲೆಯಾಗಿ ಅದು ನೆಲೆಗೊಂಡಿತು. ರ‍್ಯಾಗೆಟ್ ಅವರ ಟೇಬಲ್ ಸೊಗಸಾದ ವಸ್ತು. ಕಾಲಂ ಎಷ್ಟು ಅಗಲವಿರಬೇಕು ಎಂದು ಬರೆಯುವವರು ಹೇಳಬೇಕಾಗಿಲ್ಲ. ಬ್ರೌಸರ್ ಎಲ್ಲ ಕೋಶಗಳನ್ನೂ ಒಮ್ಮೆ ಓದಿ, ಪ್ರತಿ ಕಾಲಂಗೆ ಕನಿಷ್ಠ ಎಷ್ಟು ಬೇಕು, ಗರಿಷ್ಠ ಎಷ್ಟು ಬೇಕು ಎಂದು ಅಳೆದು, ಎರಡನೇ ಸುತ್ತಿನಲ್ಲಿ ಅಗಲ ಹಂಚುತ್ತದೆ.

ಸೊಗಸಿನೊಳಗೇ ತೊಡಕೂ ಇತ್ತು. ಎಲ್ಲ ಕೋಶಗಳನ್ನೂ ಓದದೆ ಅಗಲ ಗೊತ್ತಾಗುವುದಿಲ್ಲ, ಅಗಲ ಗೊತ್ತಾಗದೆ ಮೊದಲ ಸಾಲನ್ನು ಬಿಡಿಸಲಾಗುವುದಿಲ್ಲ. ಮೋಡೆಮ್ ಕಾಲದಲ್ಲಿ ದೊಡ್ಡ ಕೋಷ್ಟಕವಿರುವ ಪುಟ ಕೊನೆಯ ಸಾಲು ಬಂದು ತಲುಪುವ ತನಕ ಬಿಳಿಯಾಗಿಯೇ ನಿಂತಿರುತ್ತಿತ್ತು. ಇಲ್ಲಿ ಹಾಳೆ ಮತ್ತು ಕಿಟಕಿ ಮತ್ತೆ ಒಂದಕ್ಕೊಂದು ಅಂಟಿಕೊಂಡವು. ಪುಟದಲ್ಲಿ ಹತ್ತು ಸಾವಿರ ಸಾಲಿದ್ದರೆ ಬ್ರೌಸರ್ ಹತ್ತು ಸಾವಿರವನ್ನೂ ಅಳೆದು, ಜೋಡಿಸಿ, ನೆನಪಿನಲ್ಲಿಟ್ಟುಕೊಳ್ಳಬೇಕು. ಓದುವವರು ನೋಡುವುದು ಮೂವತ್ತನ್ನೇ ಆದರೂ. ವೆಬ್ ಪುಟವೆಂದರೆ ದಾಖಲೆ, ಅಚ್ಚಾದ ಕಾಗದದ ಬಂಧು, ಎಂಬ ಕಲ್ಪನೆಯಿಂದ ಬಂದ ಫಲ ಇದು. ಅದನ್ನು ತಪ್ಪೆನ್ನಲಾರೆ. ಆ ಕಲ್ಪನೆ ಇದ್ದುದರಿಂದಲೇ ವೆಬ್ ಯಾವ ಕಂಪ್ಯೂಟರಿನಲ್ಲೂ ತೆರೆದುಕೊಂಡಿತು. ಆದರೆ ಕೋಷ್ಟಕದ ಮಟ್ಟಿಗೆ ಅದು ದುಬಾರಿಯಾಯಿತು.

ಆಗಿನ ವೆಬ್‌ನಲ್ಲಿ ವಿಂಗಡಣೆ ಹೇಗಿತ್ತೆಂದರೆ, ಕಾಲಂನ ತಲೆಯೇ ಒಂದು ಕೊಂಡಿ. ಒತ್ತಿದರೆ ಸರ್ವರಿಗೆ ಕೋರಿಕೆ ಹೋಗುತ್ತದೆ, ಡೇಟಾಬೇಸ್ ಹೊಸ ಕ್ರಮದಲ್ಲಿ ಸಾಲುಗಳನ್ನು ತೆಗೆದು ಕೊಡುತ್ತದೆ, ಸರ್ವರ್ ಇಡೀ ಪುಟವನ್ನು ಹೊಸದಾಗಿ ಹೊಲಿದು ಕಳಿಸುತ್ತದೆ. ಪರದೆ ಒಮ್ಮೆ ಬೆಳ್ಳಗಾಗಿ, ಓದುತ್ತಿದ್ದ ಜಾಗ ತಪ್ಪಿ, ಪುಟದ ತುದಿಯಿಂದ ಮತ್ತೆ ಶುರು. ಒಂದು ಸಲ ಮಾಡಿದರೆ ಸರಿ. ಆದರೆ ಕೋಷ್ಟಕವನ್ನು ವಿಂಗಡಿಸುವುದು ಯೋಚಿಸುವ ಒಂದು ಬಗೆ. ಫ್ರಾನ್ಸಿನ ಭೂಪಟಕಾರ ಜಾಕ್ ಬರ್ಟಿನ್ 1960ರ ದಶಕದಲ್ಲೇ ಇದನ್ನು ಅರಿತು, ಸಾಲುಗಳನ್ನೂ ಕಾಲಂಗಳನ್ನೂ ಕೈಯಿಂದ ಎತ್ತಿ ಬೇರೆ ಕಡೆ ಇಡಬಹುದಾದ ನಿಜದ ಬಿಲ್ಲೆಗಳ ಉಪಕರಣಗಳನ್ನು ಪ್ಯಾರಿಸ್ಸಿನಲ್ಲಿ ಮಾಡಿಸಿದ್ದರು. ಕಪ್ಪು, ಬೂದು, ಬಿಳಿ ಬಿಲ್ಲೆಗಳ ಸಾಲುಗಳನ್ನು ಸರಿಸುತ್ತ ಹೋದಂತೆ ಚೆಲ್ಲಾಪಿಲ್ಲಿಯಾಗಿದ್ದ ಅಂಕಿಅಂಶದಲ್ಲಿ ಗುಂಪುಗಳು ಮೂಡಿಬರುತ್ತಿದ್ದವು. ಸರಿಸುವುದಕ್ಕೂ ಕಾಣುವುದಕ್ಕೂ ನಡುವೆ ಅಂತರ ಉಳಿಯಬಾರದು. ಅಂತರ ಹೆಚ್ಚಾದಷ್ಟೂ ಮನಸ್ಸಿನಲ್ಲಿದ್ದ ಪ್ರಶ್ನೆ ಜಾರಿಹೋಗುತ್ತದೆ.

ಪರಿಹಾರದ ಮೊದಲ ಪ್ರಯತ್ನ ಬಂದದ್ದು 1997ರಲ್ಲಿ, ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ. ಇದನ್ನು ಈಗ ನೆನೆಯುವವರು ಕಡಿಮೆ, ಅದಕ್ಕೇ ಹೇಳಬೇಕೆನಿಸುತ್ತದೆ. ಅದರಲ್ಲಿ ಟೇಬಲ್ ಟ್ಯಾಗಿಗೆ ಒಂದು ಡೇಟಾ ಮೂಲವನ್ನು ಕಟ್ಟಬಹುದಿತ್ತು. ಅಂಕಿಗಳು ಬೇರೊಂದು ಕಡತದಲ್ಲಿ. ಟೇಬಲ್‌ನಲ್ಲಿ ಮಾದರಿಗೆ ಒಂದೇ ಸಾಲು. ಬ್ರೌಸರ್ ಆ ಮಾದರಿಯನ್ನು ದಾಖಲೆಯಿಂದ ದಾಖಲೆಗೆ ತುಂಬಿಕೊಂಡು ಹೋಗುತ್ತಿತ್ತು. ಪುಟವೊಂದಕ್ಕೆ ಎಷ್ಟು ಸಾಲು ಎಂದು ಹೇಳಬಹುದಿತ್ತು, ಮುಂದಿನ ಪುಟ ಎಂದು ಕರೆಯಬಹುದಿತ್ತು, ಸರ್ವರಿನ ಮುಖ ನೋಡದೆ ವಿಂಗಡಿಸಬಹುದಿತ್ತು, ಸೋಸಬಹುದಿತ್ತು. ಹಾಳೆ ಬೇರೆ, ಕಿಟಕಿ ಬೇರೆ ಎಂಬ ಹಳೆಯ ತಿಳಿವಳಿಕೆ ಬ್ರೌಸರಿನ ಒಳಗೆ ಮೊದಲ ಸಲ ಕಣ್ಣು ತೆರೆದದ್ದು ಇಲ್ಲಿ. ಆದರೆ ಅದು ಒಂದು ಕಂಪನಿಯ ಬ್ರೌಸರಿನಲ್ಲಿ ಮಾತ್ರ ಓಡುತ್ತಿತ್ತು, ವಿಂಡೋಸ್‌ನ ಘಟಕಗಳನ್ನು ನೆಚ್ಚಿಕೊಂಡಿತ್ತು. ಉಳಿದವರು ಕೈಗೆತ್ತಿಕೊಳ್ಳಲಿಲ್ಲ. ಒಳ್ಳೆಯ ವಿಚಾರವೊಂದು ಎಲ್ಲರ ಸ್ವತ್ತಾಗದೆ ಸೊರಗಿದ ಉದಾಹರಣೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡನೇ ಪ್ರಯತ್ನವೂ ಅದೇ ಕಂಪನಿಯೊಳಗೆ, ಆದರೆ ಬೇರೆಯೇ ಬಾಗಿಲಿನಿಂದ ಬಂತು. ಎಕ್ಸ್‌ಚೇಂಜ್ 2000 ಎಂಬ ಅಂಚೆ ಸರ್ವರಿಗೆ ಬ್ರೌಸರಿನಲ್ಲಿ ತೆರೆಯುವ ಔಟ್‌ಲುಕ್ ಬೇಕಾಗಿತ್ತು. ಮೇಲ್‌ಗಳ ಪಟ್ಟಿ ಎಂದರೆ ಯಾರಿಂದ, ವಿಷಯ, ದಿನಾಂಕ ಎಂಬ ಕಾಲಂಗಳ ಕೋಷ್ಟಕವೇ ತಾನೆ? ಹೊಸ ಪತ್ರ ಬಂದಾಗಲೆಲ್ಲ ಇಡೀ ಪುಟ ಬೆಳ್ಳಗಾಗಿ ಮೂಡುವ ಅಂಚೆಪೆಟ್ಟಿಗೆಯನ್ನು ಯಾರು ಬಳಸುತ್ತಾರೆ? ಆ ತಂಡದ ಅಲೆಕ್ಸ್ ಹಾಪ್‌ಮನ್, ಪುಟವನ್ನು ಅಲುಗಿಸದೆ ಹಿನ್ನೆಲೆಯಲ್ಲಿ ಸರ್ವರಿನೊಡನೆ ಮಾತಾಡುವ ಒಂದು ಸಣ್ಣ ಘಟಕವನ್ನು ವಾರಾಂತ್ಯದಲ್ಲಿ ಬರೆದರು. ಬ್ರೌಸರಿನ ಐದನೇ ಆವೃತ್ತಿ ಮುಗಿಯುವ ಹಂತದಲ್ಲಿತ್ತು. ಹೊಸದನ್ನು ಸೇರಿಸಲು ಸಮಯ ಮೀರಿತ್ತು. ಅದರ ಜೊತೆಗೆ ಹೋಗಲಿದ್ದ ಎಕ್ಸ್‌ಎಂಎಲ್ ಗ್ರಂಥಾಲಯದೊಳಗೆ ಇದನ್ನು ಸೇರಿಸುವ ದಾರಿ ಸಿಕ್ಕಿತು. ಹಾಗಾಗಿಯೇ ಅದರ ಹೆಸರು ಎಕ್ಸ್‌ಎಂಎಲ್-ಎಚ್‌ಟಿಟಿಪಿ ಎಂದಾಯಿತು. ಎಕ್ಸ್‌ಎಂಎಲ್‌ಗೂ ಅದು ಮಾಡುವ ಕೆಲಸಕ್ಕೂ ಗಟ್ಟಿ ನಂಟೇನೂ ಇಲ್ಲ. 1999ರ ಮಾರ್ಚ್‌ನಲ್ಲಿ ಅದು ಹೊರಬಂತು. ಮೊಝಿಲ್ಲಾದವರು ಅದೇ ಬಗೆಯ ವಸ್ತುವನ್ನು ತಮ್ಮ ಬ್ರೌಸರಿಗೂ ಮಾಡಿಕೊಂಡರು, 2004ರ ಹೊತ್ತಿಗೆ ಆಪಲ್‌ನ ಸಫಾರಿಯಲ್ಲೂ ಅದು ಬಂತು. ಡೇಟಾ ಕಟ್ಟುವ ವಿದ್ಯೆಗೆ ಸಿಗದ ಭಾಗ್ಯ ಇದಕ್ಕೆ ಸಿಕ್ಕಿತು: ಎಲ್ಲ ಕಡೆ ಓಡತೊಡಗಿತು. ಜೀಮೇಲ್ ಮತ್ತು ಗೂಗಲ್ ಮ್ಯಾಪ್ಸ್ ಅದರ ಮೇಲೆ ನಿಂತವು. 2005ರ ಫೆಬ್ರವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿನ್ಯಾಸಕಾರ ಜೆಸ್ಸಿ ಜೇಮ್ಸ್ ಗ್ಯಾರೆಟ್ ಒಂದು ಪ್ರಬಂಧ ಬರೆದು ಈ ಇಡೀ ಬಗೆಗೆ ಅಜಾಕ್ಸ್ ಎಂದು ಹೆಸರಿಟ್ಟರು.

ವಿಸಿಕ್ಯಾಲ್ಕ್‌ನ ಬ್ರಿಕ್ಲಿನ್ ಕೂಡ ಅದೇ ವರ್ಷ ಲೆಕ್ಕದ ಹಾಳೆಯನ್ನು ವೆಬ್‌ಗೆ ತರಲು ಹೊರಟರು. ಹಲವರು ಒಟ್ಟಿಗೆ ತಿದ್ದಬಹುದಾದ ವಿಕಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟನ್ನು ಮೊದಲು ಪರ್ಲ್ ಭಾಷೆಯಲ್ಲಿ ಬರೆದರು; ಮುಂದೆ ಸೋಷಿಯಲ್‌ಕ್ಯಾಲ್ಕ್ ಎಂದು ಅದನ್ನು ಜಾವಾಸ್ಕ್ರಿಪ್ಟಿಗೆ ತಂದರು.

ಇತ್ತ ಸಣ್ಣ ಕೋಷ್ಟಕಗಳ ಕತೆ ಸಮಾನಾಂತರವಾಗಿ ನಡೆದಿತ್ತು. ಇಂಗ್ಲೆಂಡಿನ ಸ್ಟುವರ್ಟ್ ಲ್ಯಾಂಗ್ರಿಡ್ಜ್ ಆ ದಶಕದ ಮೊದಲ ಭಾಗದಲ್ಲೇ ಬರೆದ ಸಾರ್ಟ್‌ಟೇಬಲ್ ಎಂಬ ಪುಟ್ಟ ಕಡತ ನನಗೆ ಇವತ್ತಿಗೂ ಪ್ರಿಯ. ಟೇಬಲ್ ಟ್ಯಾಗಿಗೆ 'ಸಾರ್ಟೆಬಲ್' ಎಂಬ ಒಂದು ಕ್ಲಾಸ್ ಹೆಸರು ಕೊಟ್ಟರೆ ಸಾಕು. ಸರ್ವರ್ ಬೇಡ, ಬೇರೆ ಡೇಟಾ ಕಡತ ಬೇಡ. ಪರದೆಯ ಮೇಲಿರುವ ಕೋಶಗಳ ಪಠ್ಯವನ್ನೇ ಓದಿ, ಇದು ಸಂಖ್ಯೆಯೋ ದಿನಾಂಕವೋ ಪದವೋ ಎಂದು ಊಹಿಸಿ, ಸಾಲುಗಳನ್ನು ಹೊಸ ಕ್ರಮದಲ್ಲಿ ಮತ್ತೆ ಅಲ್ಲೇ ಕೂರಿಸುತ್ತದೆ. ಇದ್ದ ಸಾಲನ್ನೇ ಮತ್ತೊಮ್ಮೆ ಕೊನೆಗೆ ಸೇರಿಸಿದರೆ ಬ್ರೌಸರ್ ಅದನ್ನು ನಕಲು ಮಾಡದೆ ಸ್ಥಳಾಂತರಿಸುತ್ತದೆ ಎಂಬ ಗುಣವನ್ನು ಅದು ಎಷ್ಟು ಚೊಕ್ಕವಾಗಿ ಬಳಸುತ್ತದೆಂದರೆ, ಕಲಿಯುವವರಿಗೆ ಓದಿಸಬೇಕಾದ ಕೋಡ್ ಅದು.

ಊಹಿಸುವುದು ಎಂದೆನಲ್ಲ, ಅಲ್ಲೇ ಕೋಷ್ಟಕ ಕಟ್ಟುವವರ ನಿಜವಾದ ಪಾಡು ಇರುವುದು. ಜಾವಾಸ್ಕ್ರಿಪ್ಟಿನ ಸಾರ್ಟ್ ವಿಧಾನಕ್ಕೆ ಏನೂ ಹೇಳದೆ ಬಿಟ್ಟರೆ ಅದು ಎಲ್ಲವನ್ನೂ ಅಕ್ಷರಸರಣಿ ಎಂದೇ ಎಣಿಸುತ್ತದೆ. 10 ಎಂಬುದು 9ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ 1 ಎಂಬ ಅಕ್ಷರ 9 ಎಂಬ ಅಕ್ಷರಕ್ಕಿಂತ ಮುಂಚಿನದು. ಸರಿ, ಸಂಖ್ಯೆಯಾಗಿ ಓದಿಸೋಣ ಎಂದುಕೊಂಡರೆ ನಮ್ಮ ದೇಶದ ಬರವಣಿಗೆ ಎದುರಾಗುತ್ತದೆ. 1,25,000 ಎಂಬುದನ್ನು ಪಾರ್ಸ್‌ಫ್ಲೋಟ್ ಎಂಬ ಸಂಖ್ಯೆ ಓದುವ ಆಜ್ಞೆಯ ಕೈಗೆ ಕೊಟ್ಟರೆ ಮೊದಲ ಅಲ್ಪವಿರಾಮ ಕಂಡೊಡನೆ ನಿಂತು 1 ಎಂದು ಹೇಳುತ್ತದೆ. ಲಕ್ಷದ ವಹಿವಾಟೂ ಒಂದು ರೂಪಾಯಿಯ ವಹಿವಾಟೂ ಪಕ್ಕಪಕ್ಕದಲ್ಲಿ ಬಂದು ಕೂರುತ್ತವೆ, ಪರದೆಯ ಮೇಲೆ ಯಾವ ದೋಷದ ಸೂಚನೆಯೂ ಇಲ್ಲದೆ. ಕನ್ನಡ ಅಂಕಿಗಳಲ್ಲಿ ೧೨ ಎಂದು ಬರೆದಿದ್ದರೆ ಅದು ಸಂಖ್ಯೆಯೇ ಅಲ್ಲ ಎಂಬ ಉತ್ತರ.

ಕನ್ನಡ ಪದಗಳ ವಿಂಗಡಣೆ ಇನ್ನೂ ನವಿರಾದ ಸಂಗತಿ. 1991ರ ಯೂನಿಕೋಡ್ ಭಾರತೀಯ ಲಿಪಿಗಳನ್ನು ಸೇರಿಸಿಕೊಂಡಾಗ, ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಹಾಕಿದ್ದ ನಮ್ಮ ಇಸ್ಕಿ ಮಾನಕದ ಜೋಡಣೆಯನ್ನು ಅನುಸರಿಸಿತು. ಆ ಚೌಕಟ್ಟಿನಲ್ಲಿ ಳ ಎಂಬುದು ಲ ಪಕ್ಕದಲ್ಲೇ ಇದೆ, ವ ಶ ಷ ಸ ಹ ಎಲ್ಲಕ್ಕಿಂತ ಮೊದಲು. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಹಾಗಾಗಿ ಊರುಗಳ ಕೋಷ್ಟಕವನ್ನು ಬರಿಯ ಸಂಕೇತಸಂಖ್ಯೆಯ ಮೇಲೆ ವಿಂಗಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ಕನ್ನಡದ ಅಕಾರಾದಿಯಲ್ಲಿ ಹುಡುಕುವವರು ಬಸವಕಲ್ಯಾಣ ದಾಟಿದ ಮೇಲೆ ಬಳ್ಳಾರಿಯನ್ನು ಹುಡುಕುತ್ತಾರೆ, ಅಲ್ಲಿ ಅದು ಇರುವುದಿಲ್ಲ. ಸಂಕೇತಸಂಖ್ಯೆಯ ಕ್ರಮ ಬಹುಪಾಲು ಕನ್ನಡ ಪದಗಳಿಗೆ ಸರಿಯಾಗಿಯೇ ಕೆಲಸ ಮಾಡುವುದರಿಂದ ಈ ತಪ್ಪು ಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಬಳಕೆಯಲ್ಲಿ ಕಾಡುತ್ತದೆ. 2012ರ ಡಿಸೆಂಬರಿನಲ್ಲಿ ಬಂದ ಇಸಿಎಂಎ-402 ಮಾನಕ, ಭಾಷೆಗೆ ತಕ್ಕ ವಿಂಗಡಣೆಯನ್ನು ಬ್ರೌಸರಿನೊಳಗೇ ತಂದಿತು. ಅದರಲ್ಲಿರುವ ಇಂಟ್ಲ್ ಕೊಲೇಟರ್ ಎಂಬ ವಿಂಗಡಣೆಯ ಸಾಧನಕ್ಕೆ ಕನ್ನಡ ಎಂದು ಹೇಳಿದರೆ ಬರಿಯ ಸಂಕೇತಸಂಖ್ಯೆಯನ್ನು ಬಿಟ್ಟು ಭಾಷೆಯ ನಿಯಮ ನೋಡುತ್ತದೆ. ಅಂಕಿಗಳನ್ನು ಸಂಖ್ಯೆಯಾಗಿ ನೋಡು ಎಂದು ಆಯ್ಕೆ ಕೊಟ್ಟರೆ ವಾರ್ಡ್ 9 ಆದಮೇಲೆ ವಾರ್ಡ್ 10 ಬರುತ್ತದೆ. ಒಂದೇ ಸಾಲಿನ ಕೋಡ್. ಕನ್ನಡದ ಮಾಹಿತಿ ತೋರಿಸುವ ಪ್ರತಿಯೊಂದು ತಾಣವೂ ಇದನ್ನು ಬಳಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಂಗಡಣೆಯಲ್ಲಿ ಇನ್ನೊಂದು ತೊಡಕೂ ಇದೆ. ಮೊದಲು ಊರಿನ ಹೆಸರಿನಿಂದ ವಿಂಗಡಿಸಿ, ನಂತರ ಜಿಲ್ಲೆಯಿಂದ ವಿಂಗಡಿಸಿದರೆ, ಪ್ರತಿ ಜಿಲ್ಲೆಯ ಒಳಗೆ ಊರುಗಳ ಕ್ರಮ ಹಾಗೇ ಉಳಿಯಬೇಕು ಎಂದು ಬಳಸುವವರು ನಿರೀಕ್ಷಿಸುತ್ತಾರೆ. ಹಾಗೆ ಉಳಿಸುವ ವಿಂಗಡಣೆಗೆ ಸ್ಥಿರ ವಿಂಗಡಣೆ ಎನ್ನುತ್ತಾರೆ. ಕ್ರೋಮ್‌ನ ವಿ8 ಎಂಜಿನ್ ಹಿಂದೆ ಹತ್ತು ಅಂಶಗಳವರೆಗಿನ ಸರಣಿಗೆ ಒಂದು ವಿಧಾನ, ಅದಕ್ಕಿಂತ ದೊಡ್ಡದಕ್ಕೆ ಕ್ವಿಕ್‌ಸಾರ್ಟ್ ಬಳಸುತ್ತಿತ್ತು. ಮೊದಲನೆಯದು ಸ್ಥಿರ, ಎರಡನೆಯದು ಅಲ್ಲ. ಅಂದರೆ ಎಂಟು ಸಾಲಿನ ಮಾದರಿಯಲ್ಲಿ ಸರಿಯಾಗಿ ನಡೆದ ಕೋಷ್ಟಕ ನೂರು ಸಾಲಿನ ನಿಜದ ಮಾಹಿತಿ ತುಂಬಿದೊಡನೆ ಅಡ್ಡಾದಿಡ್ಡಿಯಾಗುತ್ತಿತ್ತು. 2018ರಲ್ಲಿ ಕ್ರೋಮ್ 70 ಇದನ್ನು ಸರಿಪಡಿಸಿತು. ಪೈಥಾನ್‌ಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ಕ್ರೋಮ್‌ನೊಳಗೆ ಬಂತು. ಮರುವರ್ಷದ ಜಾವಾಸ್ಕ್ರಿಪ್ಟ್ ಮಾನಕ ಸ್ಥಿರತೆಯನ್ನು ಕಡ್ಡಾಯ ಮಾಡಿತು.

2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯವನ್ನು ಬಿಡುಗಡೆ ಮಾಡಿದ ಮೇಲೆ ಕೋಷ್ಟಕದ ಪ್ಲಗಿನ್‌ಗಳು ಸಾಲುಸಾಲಾಗಿ ಬಂದವು. ಸ್ಕಾಟ್ಲೆಂಡಿನ ಅಲನ್ ಜಾರ್ಡೀನ್ ಕಟ್ಟಿದ ಡೇಟಾಟೇಬಲ್ಸ್ ಅವುಗಳಲ್ಲಿ ಹೆಚ್ಚು ಹರಡಿತು. ಅದರ ಸರ್ವರ್ ಒಪ್ಪಂದದಲ್ಲಿರುವ ಒಂದು ಸಣ್ಣ ಅಂಶದ ಬಗ್ಗೆ ಹೇಳಲೇಬೇಕು. ಹುಡುಕು ಪೆಟ್ಟಿಗೆಯಲ್ಲಿ ಯಾರೋ 'ಬ' ಎಂದು ಟೈಪಿಸುತ್ತಾರೆ, ಕೋರಿಕೆ ಹೊರಡುತ್ತದೆ. ತಕ್ಷಣ 'ಬಳ್ಳಾರಿ' ಎಂದು ಮುಗಿಸುತ್ತಾರೆ, ಇನ್ನೊಂದು ಕೋರಿಕೆ ಹೊರಡುತ್ತದೆ. ಎರಡನೆಯದಕ್ಕೆ ನಾಲ್ಕೇ ಸಾಲು ಉತ್ತರ, ಬೇಗ ಬಂದುಬಿಡುತ್ತದೆ. ಮೊದಲನೆಯದಕ್ಕೆ ಸಾವಿರ ಸಾಲು, ತಡವಾಗಿ ಬಂದು ಸರಿಯಾದ ಉತ್ತರದ ಮೇಲೆ ಕೂತುಬಿಡುತ್ತದೆ. ಪೆಟ್ಟಿಗೆಯಲ್ಲಿ ಬಳ್ಳಾರಿ, ಕೆಳಗೆ ಬೆಳಗಾವಿ, ಬೀದರ್, ಬಾಗಲಕೋಟೆ. ಇದನ್ನು ತಡೆಯಲು ಡೇಟಾಟೇಬಲ್ಸ್ ಪ್ರತಿ ಕೋರಿಕೆಗೂ 'ಡ್ರಾ' ಎಂಬ ಕ್ರಮಸಂಖ್ಯೆ ಅಂಟಿಸಿ ಕಳಿಸುತ್ತದೆ. ಸರ್ವರ್ ಅದನ್ನು ಹಾಗೇ ಮರಳಿಸಬೇಕು. ಹಳೆಯ ಸಂಖ್ಯೆ ಹೊತ್ತು ತಡವಾಗಿ ಬಂದ ಉತ್ತರವನ್ನು ಅದು ತೆರೆಯದೆ ಬದಿಗಿಡುತ್ತದೆ. ಅದೇ ಉತ್ತರದಲ್ಲಿ ಇನ್ನೆರಡು ಸಂಖ್ಯೆಗಳಿರುತ್ತವೆ: ಒಟ್ಟು ದಾಖಲೆ ಎಷ್ಟು, ಸೋಸಿದ ಮೇಲೆ ಉಳಿದದ್ದು ಎಷ್ಟು. ಹಾಳೆ ಈಗ ಬ್ರೌಸರಿನಲ್ಲೇ ಇಲ್ಲ, ದೂರದ ಸರ್ವರಿನಲ್ಲಿದೆ. ಕಿಟಕಿಗೆ ಅದರ ಉದ್ದಳತೆ ಮಾತ್ರ ಗೊತ್ತು.

ಇಷ್ಟಾದರೂ ಪುಟ 1, ಪುಟ 2 ಎಂದು ಒತ್ತಿ ಹೋಗಬೇಕಾಗಿತ್ತು. ವಿಸಿಕ್ಯಾಲ್ಕ್‌ನಂತೆ ಉದ್ದಕ್ಕೂ ಹರಿದುಹೋಗುವ ಕೋಷ್ಟಕ ಬೇಕೆಂದರೆ ಎಲ್ಲ ಸಾಲುಗಳನ್ನೂ ಪುಟದಲ್ಲಿ ಸುರಿಯಬೇಕು, ಸುರಿದರೆ ಬ್ರೌಸರ್ ಉಸಿರು ಕಟ್ಟುತ್ತದೆ. ಲಕ್ಷ ಸಾಲು, ಹತ್ತು ಕಾಲಂ ಎಂದರೆ ಹತ್ತು ಲಕ್ಷ ಕೋಶ. ಒಂದೊಂದೂ ನೆನಪಿನಲ್ಲಿ ಜಾಗ ಹಿಡಿಯುವ, ಅಳತೆ ಕೇಳುವ ವಸ್ತು. ಈ ಗಂಟನ್ನು ಬಹಳ ಜಾಣತನದಿಂದ ಬಿಡಿಸಿದ್ದು, ಹೆಚ್ಚುಕಡಿಮೆ 2010ರ ಹೊತ್ತಿಗೆ, ಮೈಕೆಲ್ ಲೀಬ್‌ಮನ್ ಬರೆದ ಸ್ಲಿಕ್‌ಗ್ರಿಡ್.

ಅವರ ದಾರಿ ಹೀಗಿತ್ತು. ಟೇಬಲ್ ಟ್ಯಾಗನ್ನೇ ಬಿಟ್ಟರು. ಪ್ರತಿ ಸಾಲಿಗೂ ಒಂದೇ ಎತ್ತರ, 25 ಪಿಕ್ಸೆಲ್. ಎಷ್ಟು ಸಾಲಿದೆಯೋ ಅಷ್ಟು ಪಟ್ಟು ಎತ್ತರದ ಖಾಲಿ ಪೆಟ್ಟಿಗೆಯೊಂದನ್ನು ಇಟ್ಟು ಬ್ರೌಸರಿನಿಂದ ಸ್ಕ್ರೋಲ್ ಪಟ್ಟಿ ಬರಿಸಿಕೊಂಡರು. ಬಳಸುವವರು ಎಲ್ಲಿಗೆ ಸರಿದಿದ್ದಾರೆ ಎಂಬ ಪಿಕ್ಸೆಲ್ ಲೆಕ್ಕವನ್ನು 25ರಿಂದ ಭಾಗಿಸಿದರೆ ಮೇಲ್ತುದಿಯಲ್ಲಿ ಯಾವ ಸಾಲು ಇರಬೇಕೆಂದು ಗೊತ್ತಾಗುತ್ತದೆ. ಅಲ್ಲಿಂದ ಪರದೆಗೆ ಹಿಡಿಯುವಷ್ಟು, ಆಚೀಚೆ ಇನ್ನು ಕೆಲವು, ಇಷ್ಟನ್ನು ಮಾತ್ರ ನಿಜಕ್ಕೂ ಬಿಡಿಸಿ ಉಳಿದದ್ದನ್ನು ಕಿತ್ತುಹಾಕಿದರು. ಸಾಲು ಲಕ್ಷವಿರಲಿ ಹತ್ತು ಲಕ್ಷವಿರಲಿ, ಪುಟದಲ್ಲಿ ಇರುವುದು ಕೆಲವೇ ಡಜನ್.

ಅಲ್ಲಿಗೆ ಮುಗಿಯಲಿಲ್ಲ. ಬ್ರೌಸರುಗಳು ಒಂದು ಪೆಟ್ಟಿಗೆ ಎಷ್ಟು ಎತ್ತರವಿರಬಹುದು ಎಂಬುದಕ್ಕೇ ಮಿತಿ ಇಟ್ಟಿವೆ. ಆಗಿನ ಫೈರ್‌ಫಾಕ್ಸ್ 60 ಲಕ್ಷ ಪಿಕ್ಸೆಲ್‌ನ ಆಸುಪಾಸು ದಾಟಿದರೆ ಎತ್ತರವನ್ನು ಒಪ್ಪಿಕೊಂಡಂತೆ ತೋರಿಸಿ, ಒಳಗೆ ಖಾಲಿ ಬಿಡಿಸುತ್ತಿತ್ತು. 25ರಿಂದ ಭಾಗಿಸಿದರೆ 2.4 ಲಕ್ಷ ಸಾಲಿಗೆ ಬಾಗಿಲು ಮುಚ್ಚಿತು. ಲೀಬ್‌ಮನ್ ಮಾಡಿದ್ದೇನೆಂದರೆ, ಪ್ರೋಗ್ರಾಂ ಶುರುವಾದಾಗ ಎತ್ತರವನ್ನು ದುಪ್ಪಟ್ಟು ಮಾಡುತ್ತ ಹೋಗಿ ಆ ಬ್ರೌಸರಿನ ಮಿತಿ ಎಲ್ಲಿದೆ ಎಂದು ಪರೀಕ್ಷಿಸುವುದು. ಕೋಷ್ಟಕದ ನಿಜದ ಎತ್ತರ ಆ ಮಿತಿಯನ್ನು ಮೀರಿದರೆ, ಪೆಟ್ಟಿಗೆಯನ್ನು ಮಿತಿಯಲ್ಲೇ ನಿಲ್ಲಿಸಿ, ಕಾಲ್ಪನಿಕ ಎತ್ತರವನ್ನು ಪುಟಗಳಾಗಿ ಒಡೆಯುವುದು. ಚಕ್ರ ತಿರುಗಿಸಿ ನಿಧಾನಕ್ಕೆ ಇಳಿಯುವಾಗ ಪಿಕ್ಸೆಲ್‌ಗೆ ಪಿಕ್ಸೆಲ್ ಲೆಕ್ಕ. ಸ್ಕ್ರೋಲ್ ಪಟ್ಟಿಯನ್ನು ಹಿಡಿದು ಎಳೆದು ದೂರ ಹಾರಿದಾಗ ಮಾತ್ರ ಯಾವ ಪುಟಕ್ಕೆ ಬಿದ್ದಿತು ಎಂದು ನೋಡಿ, ಅದಕ್ಕೆ ತಕ್ಕಷ್ಟು ಅಂತರ ಸೇರಿಸುವುದು. ಈ ಅಂತರದ ಗುಣಕಕ್ಕೆ ಕೋಡಿನಲ್ಲಿ ಅವರು ಕೊಟ್ಟ ವಿವರಣೆ 'ಜಂಪಿನೆಸ್', ನೆಗೆತ. ದೂರ ಹಾರುವ ಕೈಗೆ ನೂರು ಸಾಲು ಆಚೀಚೆಯಾದದ್ದು ತಿಳಿಯುವುದಿಲ್ಲ, ಹತ್ತಿರದಲ್ಲಿ ಸರಿಯುವ ಕಣ್ಣಿಗೆ ಒಂದು ಪಿಕ್ಸೆಲ್ ಅಲುಗಿದರೂ ತಿಳಿಯುತ್ತದೆ ಎಂಬ ಮನುಷ್ಯರ ಸ್ವಭಾವವನ್ನು ಆ ಎರಡು ಲೆಕ್ಕಗಳು ಆಧರಿಸಿವೆ. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಜಾಗ ಇದು.

ಮುಂದೆ ಬಂದ ದೊಡ್ಡ ಗ್ರಿಡ್‌ಗಳು, ನಿಯಾಲ್ ಕ್ರಾಸ್ಬಿ ಕಟ್ಟಿದ ಎಜಿ ಗ್ರಿಡ್ ಸೇರಿದಂತೆ, ಕಾಣುವಷ್ಟನ್ನೇ ಬಿಡಿಸುವ ವಿದ್ಯೆಯನ್ನು ತಮ್ಮದಾಗಿಸಿಕೊಂಡವು. ಟ್ಯಾನರ್ ಲಿನ್ಸ್ಲಿ ಅವರ ರಿಯಾಕ್ಟ್ ಟೇಬಲ್ 2020ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ಬಿಡಿಸುವ ಕೆಲಸವನ್ನೇ ಕೈಬಿಟ್ಟಿತು. ವಿಂಗಡಣೆ, ಸೋಸುವಿಕೆ, ಪುಟವಿಭಾಗಗಳ ಲೆಕ್ಕ ಮಾತ್ರ ತನ್ನದು, ಪರದೆ ನಿಮ್ಮದು ಎಂದಿತು. ತಲೆಸಾಲಿನ ಸಂಗತಿಗೆ ಬಂದರೆ, ಬಹಳ ವರ್ಷ ಜನ ಒಂದರ ಮೇಲೊಂದು ಎರಡು ಟೇಬಲ್ ಇಟ್ಟು, ಮೇಲಿನದರಲ್ಲಿ ತಲೆ, ಕೆಳಗಿನದರಲ್ಲಿ ಮೈ, ಎರಡರ ಕಾಲಂ ಅಗಲವನ್ನೂ ಜಾವಾಸ್ಕ್ರಿಪ್ಟಿನಿಂದ ಹೊಂದಿಸುತ್ತ ಹೆಣಗಿದರು. ಸಿಎಸ್‌ಎಸ್‌ನ 'ಸ್ಟಿಕಿ' ಎಂಬ ಗುಣ 2017ರ ಹೊತ್ತಿಗೆ ಪ್ರಮುಖ ಬ್ರೌಸರುಗಳಲ್ಲೆಲ್ಲ ಬಂದ ಮೇಲೆ ತಲೆಸಾಲು ತಾನಾಗಿ ಮೇಲೆ ಅಂಟಿಕೊಂಡು ನಿಲ್ಲತೊಡಗಿತು. ಆಪಲ್ 2ರ ಮೇಲೆ ಕೆಲವೇ ಕೀಲಿ ಒತ್ತಿ ಪಡೆಯುತ್ತಿದ್ದದ್ದು ಇದನ್ನೇ.

ಕಾಣುವಷ್ಟನ್ನೇ ಬಿಡಿಸುವುದಕ್ಕೆ ಒಂದು ಬೆಲೆ ಇದೆ, ಅದನ್ನು ಕಟ್ಟುವವರು ಮರೆಯಬಾರದು. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದಿಂದ ಕೋಷ್ಟಕವನ್ನು ಕೇಳುತ್ತಾರೆ. ಅವರ ತಂತ್ರಾಂಶಕ್ಕೆ ಕಾಣುವುದು ಪುಟದಲ್ಲಿರುವ ಮೂವತ್ತು ಸಾಲು. 'ಮೂವತ್ತು ಸಾಲಿನ ಕೋಷ್ಟಕ' ಎಂದು ಅದು ಹೇಳಿಬಿಡುತ್ತದೆ. ಟೇಬಲ್ ಟ್ಯಾಗನ್ನು ಬಿಟ್ಟದ್ದರಿಂದ ಇದು ಕೋಷ್ಟಕ ಎಂಬುದೂ ಅದಕ್ಕೆ ತಿಳಿಯದೆ ಹೋಗಬಹುದು. ಬಿಟ್ಟ ಟ್ಯಾಗಿನ ಅರ್ಥವನ್ನು ಗ್ರಿಡ್, ರೋ, ಗ್ರಿಡ್‌ಸೆಲ್ ಎಂಬ ಪಾತ್ರಗಳಾಗಿ ಮತ್ತೆ ಬರೆದು ಹೇಳಬೇಕು. 2017ರ ಡಿಸೆಂಬರಿನಲ್ಲಿ ಮಾನಕವಾದ, ಇಂಥ ತಂತ್ರಾಂಶಗಳಿಗೆ ಪುಟದ ಅರ್ಥ ತಿಳಿಸುವ ವೈ-ಏರಿಯಾ 1.1ರಲ್ಲಿ ಸಾಲಿನ ಎಣಿಕೆಗೆಂದೇ ಎರಡು ಗುಣಗಳು ಬಂದವು: ಒಟ್ಟು ಸಾಲು ಎಷ್ಟು ಎಂದು ಹೇಳುವ ಏರಿಯಾ-ರೋಕೌಂಟ್, ಇದು ಎಷ್ಟನೆಯ ಸಾಲು ಎಂದು ಹೇಳುವ ಏರಿಯಾ-ರೋಇಂಡೆಕ್ಸ್. ಪುಟದಲ್ಲಿ ಇಲ್ಲದ ಸಾಲುಗಳ ಬಗ್ಗೆ ಪುಟವೇ ನಿಜ ಹೇಳುವ ವ್ಯವಸ್ಥೆ.

ಬ್ರೌಸರಿನ ಹುಡುಕಾಟಕ್ಕೆ ಇಂಥ ಪರಿಹಾರ ಇನ್ನೂ ಸಿಕ್ಕಿಲ್ಲ. ಕಂಟ್ರೋಲ್-ಎಫ್ ಒತ್ತಿ ಹೆಸರು ಹುಡುಕಿದರೆ, ಆ ಹೆಸರು ಪರದೆಯಿಂದಾಚೆಯ ಸಾಲಿನಲ್ಲಿದ್ದರೆ, ಬ್ರೌಸರ್ ಇಲ್ಲ ಎನ್ನುತ್ತದೆ. 2020ರ ಆಗಸ್ಟ್‌ನಲ್ಲಿ ಕ್ರೋಮ್ 85ರಲ್ಲಿ ಬಂದ 'ಕಂಟೆಂಟ್-ವಿಸಿಬಿಲಿಟಿ' ಎಂಬ ಗುಣ ಬೇರೊಂದು ದಾರಿ ತೋರಿಸುತ್ತದೆ: ಎಲ್ಲವೂ ಪುಟದಲ್ಲೇ ಇರಲಿ, ಕಾಣದ ಭಾಗವನ್ನು ಅಳೆಯುವ ಬಿಡಿಸುವ ಶ್ರಮವನ್ನು ಬ್ರೌಸರ್ ಮುಂದೂಡಲಿ, ಆದರೂ ಹುಡುಕಿದರೆ ಸಿಗಲಿ. ಆದರೆ ಆ ಗುಣ ಕೆಲಸ ಮಾಡಬೇಕಾದರೆ ಒಳಗಿನದನ್ನು ನೋಡದೆಯೇ ಪೆಟ್ಟಿಗೆಯ ಅಳತೆ ಗೊತ್ತಾಗುವಂತಿರಬೇಕು. ರ‍್ಯಾಗೆಟ್ ಕಾಲದ ಟೇಬಲ್‌ನಲ್ಲಿ ಸಾಲಿನ ಅಳತೆ ಅದರ ಕೋಶಗಳನ್ನೂ, ಕೋಶದ ಅಗಲ ಉಳಿದೆಲ್ಲ ಸಾಲುಗಳನ್ನೂ ಅವಲಂಬಿಸಿರುವುದರಿಂದ ಟೇಬಲ್‌ನ ಒಳಗಿನ ಸಾಲುಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ದೊಡ್ಡ ಗ್ರಿಡ್ ಕಟ್ಟುವವರು ತಮ್ಮದೇ ಹುಡುಕು ಪೆಟ್ಟಿಗೆಯನ್ನು ಕೋಷ್ಟಕದ ಮೇಲೆ ಇಡುತ್ತಾರೆ, ಅದನ್ನು ಪರದೆಯ ಮೇಲಿನ ಸಾಲುಗಳಿಗೆ ಬದಲಾಗಿ ಹಿಂದಿರುವ ಪೂರ್ತಿ ಡೇಟಾಗೆ ಜೋಡಿಸುತ್ತಾರೆ, ಸಿಕ್ಕ ಸಾಲಿನ ಸಂಖ್ಯೆಯನ್ನು ಸಾಲಿನ ಎತ್ತರದಿಂದ ಗುಣಿಸಿ ಸ್ಕ್ರೋಲನ್ನು ಅಲ್ಲಿಗೆ ಒಯ್ಯುತ್ತಾರೆ.